ವಿಶ್ವಸಂಸ್ಥೆಯ ನೀಲಿ ರಹದಾರಿಗೆ ಗಡಿಯಲ್ಲಿ ಎಷ್ಟು ಬೆಲೆ?

ನೈರೋಬಿಯ ವಿಶ್ವಸಂಸ್ಥೆ ಕಚೇರಿಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಮೀಟಿಂಗಿಗೆಂದು ದೆಹಲಿಗೆ ಬಂದಿದ್ದ. ಮೂರು ದಿನ ರಜೆ ಹಾಕಿ ಶಿವಮೊಗ್ಗದ ಮನೆಗೂ ಬಂದ. ಕಾಫಿ ಕುಡಿಯುತ್ತಾ ಬ್ಯಾಗಿನಿಂದ ಎರಡು ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಒಂದು, ನಮ್ಮ ನಿಮ್ಮ ಹತ್ತಿರ ಇರುವಂಥದ್ದೇ ಕಡುನೀಲಿ ಭಾರತೀಯ ಪಾಸ್‌ಪೋರ್ಟ್. ಇನ್ನೊಂದು ತಿಳಿನೀಲಿ, ಮೇಲೆ ವಿಶ್ವಸಂಸ್ಥೆಯ ಲಾಂಛನ. ಅವನ ದೊಡ್ಡಪ್ಪ ಆ ತಿಳಿನೀಲಿಯದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದೊಂದಿದ್ರೆ ಇನ್ನೇನಪ್ಪಾ, ಯಾವ ದೇಶಕ್ಕಾದ್ರೂ ಸೀದಾ ಹೋಗಬಹುದು ಅಲ್ವಾ?" ಎಂದರು.

ಅವನು ನಕ್ಕ. "ಹೋದ ತಿಂಗಳು ಇದನ್ನೇ ಹಿಡ್ಕೊಂಡು ವೀಸಾಕ್ಕೆ ಹದಿನೆಂಟು ದಿನ ಕಾದಿದ್ದೀನಿ ದೊಡ್ಡಪ್ಪ."

ದೊಡ್ಡಪ್ಪನವರದು ದಡ್ಡ ಪ್ರಶ್ನೆ ಏನಲ್ಲ. ಹೆಚ್ಚಿನವರು ಹಾಗೇ ಅಂದುಕೊಂಡಿದ್ದಾರೆ. ಇಡೀ ಜಗತ್ತಿನ ಸಂಸ್ಥೆ ಕೊಟ್ಟ ಪುಸ್ತಕ ಅಂದಮೇಲೆ ಇಡೀ ಜಗತ್ತೇ ಬಾಗಿಲು ತೆಗೆಯಬೇಕಲ್ಲ? ತೆಗೆಯುವುದಿಲ್ಲ. ಯಾಕೆ ಅನ್ನುವುದು ಆ ಪುಸ್ತಕದ ಹೆಸರಿನಲ್ಲೇ ಇದೆ.

ಅದರ ಹೆಸರು ಲೆಸೆ-ಪಾಸೆ. ಫ್ರೆಂಚ್ ಮಾತು. 'ಹೋಗಲು ಬಿಡಿ' ಎಂದು ಅರ್ಥ. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಹಳೆಯ ಮಾತೊಂದಿದೆ: ರಹದಾರಿ. ದಾರಿಯಲ್ಲಿ ತಡೆದವರಿಗೆ ತೋರಿಸುವ ಚೀಟಿ. ಇವನು ನಮ್ಮ ಕೆಲಸದ ಮೇಲೆ ಹೊರಟವನು, ದಯವಿಟ್ಟು ಬಿಡಿ ಅನ್ನುವ ಕೋರಿಕೆ. ಬಿಡುವುದು, ಬಿಡದಿರುವುದು ತಡೆದವನ ಕೈಯಲ್ಲೇ ಇರುತ್ತದೆ.

ಇದರ ಕಾನೂನಿನ ಬೇರು 1946ರಲ್ಲಿದೆ. ಆ ವರ್ಷ ಫೆಬ್ರವರಿ 13ರಂದು ವಿಶ್ವಸಂಸ್ಥೆಯ ಮಹಾಸಭೆ ತನ್ನ ಸವಲತ್ತು ಮತ್ತು ವಿನಾಯಿತಿಗಳ ಒಪ್ಪಂದವನ್ನು ಅಂಗೀಕರಿಸಿತು. ಇವತ್ತು 160ಕ್ಕೂ ಹೆಚ್ಚು ದೇಶಗಳು ಅದನ್ನು ಒಪ್ಪಿವೆ. ಭಾರತ 1947ರಲ್ಲೇ ಇದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿಕೊಂಡು, 1948ರಲ್ಲಿ ಒಪ್ಪಂದಕ್ಕೆ ಸೇರಿತು. ಒಪ್ಪಂದದ 24ನೇ ಕಲಂ ಪ್ರಕಾರ ವಿಶ್ವಸಂಸ್ಥೆ ತನ್ನ ಅಧಿಕಾರಿಗಳಿಗೆ ಲೆಸೆ-ಪಾಸೆ ಕೊಡಬಹುದು, ಸದಸ್ಯ ದೇಶಗಳು ಅದನ್ನು ಸರಿಯಾದ ಪ್ರಯಾಣ ದಾಖಲೆ ಎಂದು ಮಾನ್ಯ ಮಾಡಬೇಕು. ಇಲ್ಲಿಗೆ ನಿಲ್ಲಿಸಿದ್ದರೆ ದೊಡ್ಡಪ್ಪ ಗೆದ್ದಂತೆ. ಆದರೆ ಅದರ ಬೆನ್ನಿಗೇ 25ನೇ ಕಲಂ ಇದೆ. ವೀಸಾ ಬೇಕಾದ ಕಡೆ ಇವರ ಅರ್ಜಿಯನ್ನು 'ಆದಷ್ಟು ಬೇಗ' ವಿಲೇವಾರಿ ಮಾಡಬೇಕು ಎನ್ನುತ್ತದೆ ಅದು. ವೀಸಾವೇ ಬೇಡ ಎನ್ನುವುದಿಲ್ಲ. ಕೊಡಲೇಬೇಕು ಎಂದೂ ಇಲ್ಲ, ಇಷ್ಟು ದಿನದೊಳಗೆ ಎಂದೂ ಇಲ್ಲ. ನಮ್ಮ ಸರ್ಕಾರಿ ಕಚೇರಿಗಳಲ್ಲಿ 'ಆದಷ್ಟು ಬೇಗ' ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಯಭಾರ ಕಚೇರಿಗಳೂ ಕಚೇರಿಗಳೇ.

ಈ ಎರಡು ಕಲಮುಗಳ ನಡುವಿನ ಸಂದಿಯಲ್ಲೇ ಇವತ್ತಿನ ಎಲ್ಲ ಜಗಳ ನಡೆಯುತ್ತಿದೆ. ಅದಕ್ಕೆ ಬರುತ್ತೇನೆ. ಮೊದಲು ಪುಸ್ತಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಇದರಲ್ಲಿ ಎರಡು ಬಣ್ಣ. ತಿಳಿನೀಲಿಯದು ಸಾಮಾನ್ಯ ಸಿಬ್ಬಂದಿಗೆ. ಕೆಂಪು ಬಣ್ಣದ್ದು ಡಿ-2 ದರ್ಜೆಯ ನಿರ್ದೇಶಕರು ಮತ್ತು ಅವರಿಗಿಂತ ಮೇಲಿನವರಿಗೆ. ಮಹಾ ಕಾರ್ಯದರ್ಶಿಯವರದೂ ಕೆಂಪೇ. ವಿಶ್ವ ಆರೋಗ್ಯ ಸಂಸ್ಥೆ, ಐಎಂಎಫ್, ವಿಶ್ವಬ್ಯಾಂಕಿನಂಥ ವಿಶೇಷ ಸಂಸ್ಥೆಗಳವರಿಗೂ ಇದೇ ಪುಸ್ತಕ ಸಿಗುತ್ತದೆ. ಅದಕ್ಕೆ 1947ರ ನವೆಂಬರಿನಲ್ಲಿ ಬೇರೊಂದು ಒಪ್ಪಂದ ಆಯಿತು. ಪುಸ್ತಕ ಸಿಬ್ಬಂದಿಯ ಸ್ವಂತ ಆಸ್ತಿಯಲ್ಲ, ಸಂಸ್ಥೆಯದು. ಕಚೇರಿ ಕೆಲಸದ ಪ್ರಯಾಣಕ್ಕೆ ಮಾತ್ರ ಬಳಸಬೇಕು. ಹೆಂಡತಿ ಮಕ್ಕಳ ಜೊತೆ ಬಾಲಿಗೆ ಹೋಗುವಾಗ ಇದನ್ನು ತೋರಿಸುವ ಹಾಗಿಲ್ಲ. ಇದು ಪೌರತ್ವವನ್ನೂ ಕೊಡುವುದಿಲ್ಲ. ಹಾಗಾಗಿ ಸ್ವಂತ ದೇಶದ ಪಾಸ್‌ಪೋರ್ಟ್ ಜೊತೆಗೆ ಇರಲೇಬೇಕು. ನನ್ನ ಗೆಳೆಯ ದೆಹಲಿಯಲ್ಲಿ ಇಳಿದಾಗ ಇಮಿಗ್ರೇಶನ್ ಕೌಂಟರಿನಲ್ಲಿ ತೋರಿಸಿದ್ದು ಭಾರತದ ಪಾಸ್‌ಪೋರ್ಟನ್ನೇ. ತನ್ನ ಮನೆಗೆ ಬರುವವನಿಗೆ ರಹದಾರಿ ಯಾಕೆ?

ಪುಸ್ತಕದ ಫೋಟೋ ಇರುವ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲು ಇರುತ್ತವೆ. ನಮ್ಮ ಪಾಸ್‌ಪೋರ್ಟಿನಲ್ಲಿ ಅಲ್ಲಿ 'ಐಎನ್‌ಡಿ' ಎಂಬ ಮೂರು ಅಕ್ಷರ ಕಾಣುತ್ತದೆ, ದೇಶದ ಸಂಕೇತ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಪಟ್ಟಿಯಲ್ಲಿ ವಿಶ್ವಸಂಸ್ಥೆಗೆ 'ಯುಎನ್ಒ', ಅದರ ವಿಶೇಷ ಸಂಸ್ಥೆಗಳಿಗೆ 'ಯುಎನ್ಎ' ಎಂಬ ಸಂಕೇತ ಇದೆ. ದೇಶವೇ ಅಲ್ಲದ ಒಂದು 'ದೇಶ'. 2012ರಿಂದ ಚಿಪ್ ಇರುವ ಎಲೆಕ್ಟ್ರಾನಿಕ್ ಪುಸ್ತಕವೂ ಬಂದಿದೆ.

ಈ ಮೂರು ಅಕ್ಷರದ ನಿಜವಾದ ಪರೀಕ್ಷೆ ಗಡಿಯಲ್ಲಿ ಅಲ್ಲ, ವಿಮಾನ ಕಂಪನಿಯ ಚೆಕ್-ಇನ್ ಕೌಂಟರಿನಲ್ಲಿ. ಸರಿಯಾದ ದಾಖಲೆ ಇಲ್ಲದವರನ್ನು ಕರೆದುಕೊಂಡು ಹೋದರೆ ಬಹಳಷ್ಟು ದೇಶಗಳು ಕಂಪನಿಗೇ ದಂಡ ಹಾಕುತ್ತವೆ, ವಾಪಸು ಕರೆತರುವ ಖರ್ಚೂ ಕಂಪನಿಯ ತಲೆಗೇ. ಹಾಗಾಗಿ ಕೌಂಟರಿನಲ್ಲಿ ಕೂತ ಹುಡುಗಿಗೆ ಅನುಮಾನ ಬಂದರೆ ಮುಗಿಯಿತು. ಗೆಳೆಯ ಹೇಳುತ್ತಿದ್ದ: ಆಕೆ ಮೊದಲು ಪುಸ್ತಕವನ್ನು ನೋಡುತ್ತಾಳೆ, ಆಮೇಲೆ ನನ್ನನ್ನು ನೋಡುತ್ತಾಳೆ, ಆಮೇಲೆ "ಒಂದು ನಿಮಿಷ ಸರ್" ಎಂದು ಒಳಗೆ ಹೋಗುತ್ತಾಳೆ. ಆ ಒಂದು ನಿಮಿಷ ನಲವತ್ತು ನಿಮಿಷ ಆದದ್ದೂ ಉಂಟು. ಕಂಪ್ಯೂಟರಿನಲ್ಲಿ ಯುಎನ್ಒ ಎಂದು ಹೊಡೆದು, ಇಂಥ ದೇಶಕ್ಕೆ ವೀಸಾ ಬೇಕೋ ಬೇಡವೋ ಎಂದು ನೋಡಬೇಕು. ಉತ್ತರ ದೇಶದಿಂದ ದೇಶಕ್ಕೆ ಬದಲು. ಕೆಲವರು ಪುಸ್ತಕ ಇದ್ದರೆ ಸಾಕು ಎನ್ನುತ್ತಾರೆ. ಕೆಲವರು ವೀಸಾ ಕೇಳುತ್ತಾರೆ. ಯುರೋಪಿನ ಷೆಂಗೆನ್ ದೇಶಗಳಿಗೆ ಕಡಿಮೆ ದಿನದ ಭೇಟಿಗೆ ಒಂದೇ ವೀಸಾ ಇದ್ದರೂ, ಈ ಪುಸ್ತಕದ ವಿಷಯದಲ್ಲಿ ಒಂದೊಂದು ದೇಶ ಒಂದೊಂದು ಥರ. ಅವರ ವೀಸಾ ನಿಯಮವೇ ಇದನ್ನು ಆಯಾ ದೇಶಕ್ಕೆ ಬಿಟ್ಟಿದೆ.

ಎರಡನೆಯ ತಪ್ಪು ಕಲ್ಪನೆ ಇದಕ್ಕಿಂತ ದೊಡ್ಡದು. ಪುಸ್ತಕ ಇದ್ದರೆ ಪೊಲೀಸರು ಮುಟ್ಟುವ ಹಾಗಿಲ್ಲ ಅನ್ನುವುದು. 2011ರ ಮೇ 14ರಂದು ಐಎಂಎಫ್ ಮುಖ್ಯಸ್ಥರಾಗಿದ್ದ ಡೊಮಿನಿಕ್ ಸ್ಟ್ರಾಸ್-ಕಾನ್ ಅವರನ್ನು ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ, ಪ್ಯಾರಿಸ್ಸಿಗೆ ಹೊರಟಿದ್ದ ವಿಮಾನದಿಂದಲೇ ಇಳಿಸಿ ಬಂಧಿಸಿದರು. ಹೋಟೆಲಿನ ಕೆಲಸದಾಕೆ ಲೈಂಗಿಕ ದೌರ್ಜನ್ಯದ ದೂರು ಕೊಟ್ಟಿದ್ದರು. ಈ ವಿಷಯಕ್ಕೆ ವಿನಾಯಿತಿ ಅನ್ವಯಿಸುವುದಿಲ್ಲ ಎಂದು ಐಎಂಎಫ್ ಹೇಳಿತು. ಕ್ರಿಮಿನಲ್ ಕೇಸನ್ನು ಸರ್ಕಾರಿ ವಕೀಲರೇ ಆಗಸ್ಟಿನಲ್ಲಿ ಕೈಬಿಟ್ಟರು. ಆಕೆ ಹಾಕಿದ ಸಿವಿಲ್ ದಾವೆಯಲ್ಲಿ ಸ್ಟ್ರಾಸ್-ಕಾನ್ ವಿನಾಯಿತಿಯ ವಾದ ಹೂಡಿದರು. 2012ರ ಮೇನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ನ್ಯಾಯಾಧೀಶರು ಆ ವಾದವನ್ನು ತಳ್ಳಿಹಾಕಿದರು. ವಿಶೇಷ ಸಂಸ್ಥೆಗಳ ಆ 1947ರ ಒಪ್ಪಂದಕ್ಕೆ ಅಮೆರಿಕ ಸೇರಿಯೇ ಇಲ್ಲ ಎಂಬುದನ್ನೂ ತೀರ್ಪು ಎತ್ತಿ ತೋರಿಸಿತು. ದಾವೆ ಕೊನೆಗೆ ರಾಜಿಯಲ್ಲಿ ಮುಗಿಯಿತು.

ಇದು ಹೊಸ ಪಾಠವೂ ಅಲ್ಲ. 1946ರಲ್ಲೇ, ಮೊದಲ ಮಹಾ ಕಾರ್ಯದರ್ಶಿ ಟ್ರಿಗ್ವೆ ಲೀ ಅವರ ಕಾರಿನ ಡ್ರೈವರ್ ನ್ಯೂಯಾರ್ಕಿನ ಪಕ್ಕದ ನ್ಯೂ ರಷೆಲ್ ಊರಿನಲ್ಲಿ ಅತಿವೇಗಕ್ಕೆ ಸಿಕ್ಕಿಬಿದ್ದರು. ವಿಶ್ವಸಂಸ್ಥೆಯ ಕೆಲಸದ ಮೇಲಿದ್ದೆ, ನನ್ನ ಮೇಲೆ ಕೇಸು ಹಾಕುವ ಹಾಗಿಲ್ಲ ಎಂದು ವಾದಿಸಿದರು. ಊರಿನ ಕೋರ್ಟು ಸುಮ್ನೆ ಒಪ್ಪಿಬಿಡಲಿಲ್ಲ. ವಿನಾಯಿತಿ ಇರುವುದು ಕೆಲಸಕ್ಕೆ, ಆಳಿಗೆ ಅಲ್ಲ. ಸಾಮಾನ್ಯವಾಗಿ ಅಧಿಕಾರಿಯಾಗಿ ಆಡಿದ ಮಾತಿಗೆ, ಮಾಡಿದ ಕೆಲಸಕ್ಕೆ ಮಾತ್ರ ರಕ್ಷಣೆ. ನ್ಯಾಯಕ್ಕೆ ಅಡ್ಡ ಬರುವ ಹಾಗಿದ್ದರೆ ಅದನ್ನೂ ಮಹಾ ಕಾರ್ಯದರ್ಶಿ ತೆಗೆದುಹಾಕಬಹುದು.

ಈಗ ಗಡಿಯ ಜಗಳಕ್ಕೆ ಬರೋಣ.

2024ರ ಅಕ್ಟೋಬರ್ 2ರಂದು ಇಸ್ರೇಲ್ ಒಂದು ಕೆಲಸ ಮಾಡಿತು. ಮಹಾ ಕಾರ್ಯದರ್ಶಿ ಆಂಟೋನಿಯೋ ಗುಟೆರೆಸ್ ಅವರನ್ನೇ 'ಬೇಡವಾದ ವ್ಯಕ್ತಿ' ಎಂದು ಘೋಷಿಸಿ, ದೇಶದೊಳಗೆ ಕಾಲಿಡುವ ಹಾಗಿಲ್ಲ ಎಂದಿತು. ಲೆಸೆ-ಪಾಸೆ ಕೊಡುವ ಸಂಸ್ಥೆಯ ಯಜಮಾನನ ಕೆಂಪು ಪುಸ್ತಕಕ್ಕೇ ಬಾಗಿಲು ಮುಚ್ಚಿತು. ಅದೇ ತಿಂಗಳ 28ರಂದು ಇಸ್ರೇಲಿ ಸಂಸತ್ತು ಪ್ಯಾಲೆಸ್ತೀನಿ ನಿರಾಶ್ರಿತರ ಸಂಸ್ಥೆ ಉನ್ರ್ವಾವನ್ನು ತಡೆಯುವ ಎರಡು ಕಾನೂನು ಪಾಸು ಮಾಡಿತು. 2025ರ ಜನವರಿ 30ಕ್ಕೆ ಅವು ಜಾರಿಗೆ ಬಂದವು. ಉನ್ರ್ವಾದ ವಿದೇಶಿ ಸಿಬ್ಬಂದಿಯ ವೀಸಾಗಳು ನವೀಕರಣ ಆಗಲಿಲ್ಲ, ಅವರು ಪೂರ್ವ ಜೆರುಸಲೇಮಿನ ಕಚೇರಿ ಬಿಟ್ಟು ಹೊರಟರು. ಅದಕ್ಕೂ ಮುಂಚೆ, 2024ರ ಮಾರ್ಚಿನಲ್ಲಿ, ಸಂಸ್ಥೆಯ ಮುಖ್ಯಸ್ಥ ಫಿಲಿಪ್ ಲಾಝರಿನಿ ಅವರನ್ನು ಗಾಝಾಕ್ಕೆ ಬಿಟ್ಟಿರಲಿಲ್ಲ. ಇವರೆಲ್ಲರ ಜೇಬಿನಲ್ಲೂ ಪುಸ್ತಕ ಇತ್ತು.

ಇಸ್ರೇಲ್ ಒಂದೇ ಅಲ್ಲ. 2021ರ ಸೆಪ್ಟೆಂಬರ್ 30ರಂದು ಇಥಿಯೋಪಿಯಾ ಏಳು ಮಂದಿ ವಿಶ್ವಸಂಸ್ಥೆ ಅಧಿಕಾರಿಗಳಿಗೆ 72 ಗಂಟೆಯಲ್ಲಿ ದೇಶ ಬಿಡಿ ಎಂದಿತು. 2023ರ ಜೂನಿನಲ್ಲಿ ಸುಡಾನ್ ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿ ವೋಲ್ಕರ್ ಪರ್ತೆಸ್ ಅವರನ್ನು ಬೇಡ ಎಂದಿತು. ಪ್ರತಿ ಸಲವೂ ವಿಶ್ವಸಂಸ್ಥೆಯ ಉತ್ತರ ಒಂದೇ: 'ಬೇಡವಾದ ವ್ಯಕ್ತಿ' ಎನ್ನುವ ನಿಯಮ ದೇಶ ದೇಶಗಳ ನಡುವಿನ ರಾಯಭಾರಿಗಳಿಗೆ, ನಮ್ಮ ಅಧಿಕಾರಿಗಳು ಯಾವ ದೇಶದ ರಾಯಭಾರಿಗಳೂ ಅಲ್ಲ, ಆ ನಿಯಮ ನಮಗೆ ಸಲ್ಲುವುದಿಲ್ಲ. ನನ್ನ ಮಟ್ಟಿಗೆ ಈ ವಾದ ಸರಿ. ಒಂದು ದೇಶ ಕಳಿಸಿದ ರಾಯಭಾರಿಯನ್ನು ವಾಪಸು ಕಳಿಸುವುದಕ್ಕೂ, ತಾನೇ ಸದಸ್ಯನಾಗಿರುವ ಸಂಸ್ಥೆಯ ನೌಕರನನ್ನು ಹೊರಗಟ್ಟುವುದಕ್ಕೂ ವ್ಯತ್ಯಾಸ ಇದೆ. ಆದರೆ ವಾದ ಸರಿಯಿದ್ದ ಮಾತ್ರಕ್ಕೆ ವಿಮಾನ ಇಳಿಯುವುದಿಲ್ಲವಲ್ಲ. ವಿಶ್ವಸಂಸ್ಥೆಗೆ ತನ್ನದೇ ಗಡಿ ಇಲ್ಲ, ಗಡಿ ಕಾಯುವ ಪೊಲೀಸರಿಲ್ಲ. ನೀನು ನನ್ನವರನ್ನು ಬಿಡದಿದ್ದರೆ ನಾನು ನಿನ್ನವರನ್ನು ಬಿಡುವುದಿಲ್ಲ ಎನ್ನುವ ಮಾತನ್ನು ಭಾರತ ಹೇಳಬಹುದು, ಫ್ರಾನ್ಸ್ ಹೇಳಬಹುದು. ಪಾಸ್‌ಪೋರ್ಟಿನ ತೂಕವೆಲ್ಲ ಬರುವುದು ಆ ಮಾತಿನಿಂದ. ಲೆಸೆ-ಪಾಸೆಗೆ ಆ ತೂಕ ಇಲ್ಲ.

ಸ್ವಂತ ದೇಶವೇ ತಡೆದರೆ? ಅದಕ್ಕೊಂದು ಒಳ್ಳೆಯ ಕತೆ ಇದೆ. ರೊಮೇನಿಯಾದ ಡುಮಿತ್ರು ಮಾಝಿಲು ಎಂಬವರಿಗೆ 1985ರಲ್ಲಿ ವಿಶ್ವಸಂಸ್ಥೆಯ ಉಪ ಆಯೋಗವೊಂದು ಯುವಜನ ಮತ್ತು ಮಾನವ ಹಕ್ಕುಗಳ ಬಗ್ಗೆ ವರದಿ ಬರೆಯುವ ಕೆಲಸ ಕೊಟ್ಟಿತು. 1987ರಲ್ಲಿ ಜಿನೀವಾದ ಸಭೆಗೆ ಅವರು ಬರಲಿಲ್ಲ. ಅವರಿಗೆ ಹೃದಯದ ಕಾಯಿಲೆ ಎಂದಿತು ಸರ್ಕಾರ. ನನಗೆ ಹೊರಡಲು ಬಿಡುತ್ತಿಲ್ಲ ಎಂದು ಅವರು ಹೇಗೋ ಪತ್ರ ಕಳಿಸಿದರು. ವಿಷಯ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಇಂಥ ತಜ್ಞರಿಗೆ ಅವರ ಸ್ವಂತ ದೇಶದ ಎದುರಿನಲ್ಲೂ ಒಪ್ಪಂದದ ರಕ್ಷಣೆ ಇದೆ ಎಂದು ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ಕೊಟ್ಟದ್ದು 1989ರ ಡಿಸೆಂಬರ್ 15ರಂದು. ಮಾರನೇ ದಿನ ರೊಮೇನಿಯಾದ ಟಿಮಿಶೋರಾ ನಗರದಲ್ಲಿ ಜನ ಬೀದಿಗಿಳಿದರು. ವಾರದೊಳಗೆ ಸರ್ವಾಧಿಕಾರಿ ಚೌಶೆಸ್ಕು ಸರ್ಕಾರವೇ ಉರುಳಿತು, ಮಾಝಿಲು ಸ್ವಲ್ಪ ದಿನ ಹೊಸ ಆಡಳಿತದ ಉಪಾಧ್ಯಕ್ಷರೂ ಆದರು. ಅವರನ್ನು ಹೊರಗೆ ತಂದದ್ದು ಹೇಗ್‌ನ ಕಾಗದವೋ ಬುಕಾರೆಸ್ಟಿನ ಬೀದಿಯೋ, ನೀವೇ ಹೇಳಿ.

ಮಾಝಿಲು ಥರದ ತಜ್ಞರು ಸಂಬಳದ ನೌಕರರಲ್ಲ. ಅವರಿಗೆ ಲೆಸೆ-ಪಾಸೆಯೂ ಇಲ್ಲ, ಬರೀ ಒಂದು ಪ್ರಮಾಣಪತ್ರ: ಇವರು ವಿಶ್ವಸಂಸ್ಥೆಯ ಕೆಲಸದ ಮೇಲೆ ಹೊರಟಿದ್ದಾರೆ ಎಂದು. ಪ್ಯಾಲೆಸ್ತೀನಿ ಪ್ರದೇಶಗಳ ಮಾನವ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಗೆ ವರದಿ ಕೊಡುವ ವಿಶೇಷ ವರದಿಗಾರ್ತಿ ಫ್ರಾನ್ಸೆಸ್ಕಾ ಅಲ್ಬನೀಸ್ ಇದೇ ಸಾಲಿನವರು. 2025ರ ಜುಲೈನಲ್ಲಿ ಅಮೆರಿಕ ಅವರ ಮೇಲೆ ನಿರ್ಬಂಧ ಹೇರಿತು. ಪುಸ್ತಕಕ್ಕೇ ಬೆಲೆ ಇಲ್ಲದ ಕಡೆ ಪತ್ರವನ್ನು ಕೇಳುವವರು ಯಾರು?

ಆದರೂ ಇವರೆಲ್ಲ ಸುದ್ದಿಯಲ್ಲಿ ಬರುವವರು. ಸುದ್ದಿಗೆ ಬಾರದವರು ಸ್ಥಳೀಯ ಸಿಬ್ಬಂದಿ. ಕಷ್ಟದ ಜಾಗಗಳಲ್ಲಿ ವಿಶ್ವಸಂಸ್ಥೆಯ ಕೆಲಸ ಮಾಡುವವರಲ್ಲಿ ಜಾಸ್ತಿ ಮಂದಿ ಅದೇ ಊರಿನವರು. ಡ್ರೈವರ್, ನರ್ಸ್, ಗೋದಾಮಿನ ಗುಮಾಸ್ತ, ಶಾಲಾ ಮೇಷ್ಟ್ರು. ಊರು ಬಿಟ್ಟು ಹೋಗುವ ಕೆಲಸವೇ ಇಲ್ಲದ ಕಾರಣ ಸಾಮಾನ್ಯವಾಗಿ ಅವರ ಕೈಗೆ ನೀಲಿ ಪುಸ್ತಕ ಬರುವುದಿಲ್ಲ. ಗಾಝಾದಲ್ಲಿ 2023ರ ಅಕ್ಟೋಬರಿನಿಂದ ಸತ್ತ ಉನ್ರ್ವಾ ಸಿಬ್ಬಂದಿ 300ಕ್ಕೂ ಹೆಚ್ಚು. ಅವರು ಆ ಊರಿನ ಪ್ಯಾಲೆಸ್ತೀನಿಗಳು. ಯೆಮೆನ್‌ನಲ್ಲಿ ಹೂಥಿ ಬಂಡುಕೋರರು 2024ರ ಜೂನಿನಿಂದ ಗುಂಪು ಗುಂಪಾಗಿ ಸಿಬ್ಬಂದಿಯನ್ನು ಹಿಡಿದರು. 2025ರ ಕೊನೆಯ ಹೊತ್ತಿಗೆ ಒಳಗಿದ್ದವರು 50ಕ್ಕೂ ಹೆಚ್ಚು, ಎಲ್ಲರೂ ಯೆಮೆನಿಗಳು. ವಿಶ್ವ ಆಹಾರ ಕಾರ್ಯಕ್ರಮದ ನೌಕರನೊಬ್ಬ ಬಂಧನದಲ್ಲೇ ಸತ್ತ. ಅದೇ ವರ್ಷ ಅಕ್ಟೋಬರಿನಲ್ಲಿ ರಾಜಧಾನಿ ಸನಾದ ವಿಶ್ವಸಂಸ್ಥೆ ಆವರಣಕ್ಕೇ ನುಗ್ಗಿ ವಿದೇಶಿಯರನ್ನೂ ತಡೆದಿಟ್ಟರು. ಆಮೇಲೆ ಅವರಲ್ಲಿ 12 ಮಂದಿ ವಿಶ್ವಸಂಸ್ಥೆಯ ವಿಮಾನ ಹತ್ತಿ ಹೊರಬಂದರು. ಯೆಮೆನಿ ಕೈದಿಗಳು ಅಲ್ಲೇ ಉಳಿದರು. ಒಪ್ಪಂದದ ವಿನಾಯಿತಿ ಸ್ಥಳೀಯ ನೌಕರರಿಗೂ ಇದೆ, ಕಾಗದದ ಮೇಲೆ. ವಿಮಾನದ ಮೆಟ್ಟಿಲ ಹತ್ತಿರ ಕೆಲಸಕ್ಕೆ ಬಂದದ್ದು ಬೇರೆ ದೇಶದ ಪಾಸ್‌ಪೋರ್ಟು. ಈ ಇಡೀ ವ್ಯವಸ್ಥೆಯಲ್ಲಿ ನನಗೆ ತೀರಾ ಚುಚ್ಚುವ ಜಾಗ ಇದೇ.

ಬೇರೆ ಸಂಸ್ಥೆಗಳಿಗೂ ಇಂಥ ಪುಸ್ತಕಗಳಿವೆ. ಯುರೋಪಿಯನ್ ಒಕ್ಕೂಟಕ್ಕೆ ತನ್ನದೇ ಲೆಸೆ-ಪಾಸೆ ಇದೆ. ಇಂಟರ್‌ಪೋಲ್ 2010ರಲ್ಲಿ ತನ್ನ ದಾಖಲೆ ತಂದಿತು, ಒಪ್ಪಿದ ದೇಶಗಳಲ್ಲಿ ಮಾತ್ರ ನಡೆಯುತ್ತದೆ. ಆಫ್ರಿಕಾ ಒಕ್ಕೂಟ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೊಡ್ಡ ಸಮಾರಂಭ ಮಾಡಿ ಇಬ್ಬರು ಅಧ್ಯಕ್ಷರ ಕೈಗೆ ಹೊಸ ಪಾಸ್‌ಪೋರ್ಟ್ ಕೊಟ್ಟಿತು, ಸಾಮಾನ್ಯ ಜನ ಇನ್ನೂ ಕಾಯುತ್ತಿದ್ದಾರೆ.

ನಮ್ಮ ಕಡೆಯದು ಸಾರ್ಕ್, ಅಂದರೆ ದಕ್ಷಿಣ ಏಷ್ಯಾ ದೇಶಗಳ ಕೂಟದ ಸ್ಟಿಕ್ಕರ್. ಸಾರ್ಕ್‌ನ ಎರಡನೇ ಶೃಂಗಸಭೆ 1986ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದದ್ದು ಕೆಲವರಿಗೆ ನೆನಪಿರಬಹುದು. ಮುಂದೆ 1988ರ ಇಸ್ಲಾಮಾಬಾದ್ ಸಭೆಯಲ್ಲಿ ಮಾತಾಗಿ, 1992ರಲ್ಲಿ ವೀಸಾ ವಿನಾಯಿತಿ ಯೋಜನೆ ಶುರುವಾಯಿತು. ಸಂಸದರು, ಉನ್ನತ ನ್ಯಾಯಾಧೀಶರು, ಪತ್ರಕರ್ತರು ಹೀಗೆ 24 ವರ್ಗದವರ ಪಾಸ್‌ಪೋರ್ಟಿಗೆ ಸ್ಟಿಕ್ಕರ್ ಅಂಟಿಸಿದರೆ ವೀಸಾ ಬೇಡ. ಪಹಲ್ಗಾಮ್ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು, ಭಾರತ ಪಾಕಿಸ್ತಾನಿಗಳ ಮಟ್ಟಿಗೆ ಅದನ್ನು ರದ್ದು ಮಾಡಿತು. ಆ ಸ್ಟಿಕ್ಕರಿನ ಮೇಲೆ ಬಂದಿದ್ದವರಿಗೆ 48 ಗಂಟೆ. ಅವತ್ತಿನ ಸಿಟ್ಟಿನಲ್ಲಿ ಯಾರೂ ಸ್ಟಿಕ್ಕರಿನ ಬಗ್ಗೆ ಯೋಚಿಸಲಿಲ್ಲ, ಅದು ಸಹಜ. ಗಡಿಯ ಬೀಗದ ಕೈ ಯಾವತ್ತೂ ದೇಶದ ಸೊಂಟದಲ್ಲೇ ಇತ್ತು ಅನ್ನುವುದು ಮಾತ್ರ ಅವತ್ತು ನಮ್ಮ ಕಡೆಯಿಂದಲೇ ಕಂಡಿತು.

ತಮಾಷೆ ಎಂದರೆ, ವಿಶ್ವಸಂಸ್ಥೆಯ ಹೆಸರಿನಲ್ಲಿ ಅತಿ ಸಲೀಸಾಗಿ ಗಡಿ ದಾಟುವವರಿಗೆ ಯಾವ ಪುಸ್ತಕವೂ ಬೇಡ. ಶಾಂತಿಪಾಲನಾ ಪಡೆಯ ಸೈನಿಕರು ಅವರು. ಆತಿಥೇಯ ದೇಶದ ಜೊತೆ ಮೊದಲೇ ಕರಾರಾಗಿರುತ್ತದೆ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಒಂದು ಗುರುತಿನ ಚೀಟಿ, ಒಂದು ಪ್ರಯಾಣದ ಆದೇಶ, ಅದೂ ಇಡೀ ತುಕಡಿಗೆ ಒಂದೇ ಆದರೂ ನಡೆಯುತ್ತದೆ. ಮಡಿಕೇರಿಯ ಜನರಲ್ ತಿಮ್ಮಯ್ಯನವರು 1964ರಲ್ಲಿ ಸೈಪ್ರಸ್‌ನಲ್ಲಿ ಮುನ್ನಡೆಸಲು ಹೋದದ್ದು ಇಂಥ ಒಂದು ಪಡೆಯನ್ನೇ. ಮರುವರ್ಷ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆ ಚೀಟಿ ತಂದಿತು. ದೇಶವೇ ಬನ್ನಿ ಎಂದು ಕರೆದಾಗ ಕಾಗದಪತ್ರ ಎಷ್ಟು ಹಗುರ ಆಗುತ್ತದೆ ನೋಡಿ.

ಇಷ್ಟೆಲ್ಲ ಮಿತಿ ಇದ್ದರೂ ಇದರ ಹೊಳಪಿಗೆ ಮರುಳಾಗುವವರು ಕಡಿಮೆಯಿಲ್ಲ. 1948ರಲ್ಲಿ ಪ್ಯಾರಿಸ್ಸಿನಲ್ಲಿ ಅಮೆರಿಕದ ಪೌರತ್ವ ಬಿಟ್ಟುಕೊಟ್ಟ ಗ್ಯಾರಿ ಡೇವಿಸ್ ಎಂಬವರು ತಾನು ವಿಶ್ವದ ಪ್ರಜೆ ಎಂದು ಸಾರಿ, ಮುಂದೆ 'ವಿಶ್ವ ಪಾಸ್‌ಪೋರ್ಟ್' ಅನ್ನೇ ಅಚ್ಚು ಹಾಕಿಸಿದರು. ಅದಕ್ಕೂ ವಿಶ್ವಸಂಸ್ಥೆಗೂ ಸಂಬಂಧವಿಲ್ಲ. ಡೇವಿಸ್ ಅವರದ್ದು ಹುಚ್ಚು ಆದರ್ಶ ಎನ್ನಬಹುದು. 2025ರ ಜುಲೈನಲ್ಲಿ ಗಾಝಿಯಾಬಾದಿನಲ್ಲಿ ಸಿಕ್ಕಿದ್ದು ಶುದ್ಧ ಮೋಸ. ಬಾಡಿಗೆ ಬಂಗಲೆಯೊಂದರಲ್ಲಿ ಯಾರೂ ಮಾನ್ಯ ಮಾಡದ 'ವೆಸ್ಟಾರ್ಕ್ಟಿಕಾ' ಎಂಬ ದೇಶದ ರಾಯಭಾರ ಕಚೇರಿ, ಕಾರುಗಳಿಗೆ ರಾಜತಾಂತ್ರಿಕ ನಂಬರ್ ಪ್ಲೇಟ್, ಒಳಗೆ ರಾಜತಾಂತ್ರಿಕ ಪಾಸ್‌ಪೋರ್ಟುಗಳು ಮತ್ತು ಕಂತೆ ಕಂತೆ ನಗದು. ಪೊಲೀಸರ ಪ್ರಕಾರ ವಿದೇಶದಲ್ಲಿ ಕೆಲಸ ಕೊಡಿಸುವ ಹೆಸರಿನಲ್ಲಿ ದುಡ್ಡು ಎತ್ತುತ್ತಿದ್ದರು. ನಿಮ್ಮ ಮೊಬೈಲಿಗೂ 'ಯುಎನ್ ಪಾಸ್‌ಪೋರ್ಟ್ ಮಾಡಿಸಿ ಕೊಡ್ತೀವಿ' ಎಂಬ ಮೆಸೇಜ್ ಬಂದರೆ ಒಂದು ವಿಷಯ ನೆನಪಿಡಿ. ನಿಜವಾದ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳಲು ಆಗುವುದಿಲ್ಲ. ಕೆಲಸ ಇದ್ದರೆ ಸಿಗುತ್ತದೆ. ಕೆಲಸ ಹೋದರೆ ಹೋಗುತ್ತದೆ.

ಕೆಲಸ ಹೋಗುವ ಮಾತು ಈಗ ಜಿನೀವಾ, ನ್ಯೂಯಾರ್ಕ್, ನೈರೋಬಿ ಎಲ್ಲ ಕಡೆ ಇದೆ. 2025ರ ಮಾರ್ಚಿನಲ್ಲಿ ಗುಟೆರೆಸ್ 'ಯುಎನ್80' ಎಂಬ ಸುಧಾರಣೆ ಶುರು ಮಾಡಿದರು. ಸದಸ್ಯ ದೇಶಗಳ ಬಾಕಿ ಬಂದಿಲ್ಲ, ಹುದ್ದೆಗಳಿಗೆ ಕತ್ತರಿ ಬಿದ್ದಿದೆ. ಹುದ್ದೆಯ ಆಧಾರದ ಮೇಲೆ ಇನ್ನೊಂದು ದೇಶದಲ್ಲಿ ಮನೆ ಮಾಡಿಕೊಂಡು, ಮಕ್ಕಳನ್ನು ಶಾಲೆಗೆ ಹಾಕಿದವರಿಗೆ ಹುದ್ದೆಯ ಜೊತೆ ಅಲ್ಲಿರುವ ಹಕ್ಕೂ ಹೋಗುತ್ತದೆ.

ಶಿವಮೊಗ್ಗದ ಗೆಳೆಯನ ಕಾಂಟ್ರ್ಯಾಕ್ಟ್ ಈ ಡಿಸೆಂಬರಿಗೆ ಮುಗಿಯುತ್ತದೆ. ನವೀಕರಣ ಆಗುತ್ತದೋ ಇಲ್ಲವೋ ಇನ್ನೂ ಹೇಳಿಲ್ಲವಂತೆ. ಆಗದಿದ್ದರೆ ಲ್ಯಾಪ್‌ಟಾಪ್, ಕಚೇರಿಯ ಗುರುತಿನ ಚೀಟಿ, ಡ್ರಾಯರಿನ ಬೀಗದ ಕೈ ಇವುಗಳ ಜೊತೆ ತಿಳಿನೀಲಿ ಪುಸ್ತಕವನ್ನೂ ವಾಪಸು ಕೊಟ್ಟು ಸಹಿ ಹಾಕಬೇಕು. ದೊಡ್ಡಪ್ಪ ಪುಸ್ತಕವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಆಮೇಲೆ ಪಕ್ಕದ ಕಡುನೀಲಿ ಪಾಸ್‌ಪೋರ್ಟನ್ನು ಎತ್ತಿಕೊಂಡು, ಕನ್ನಡಕ ಮೇಲೆ ಸರಿಸಿ, "ಇದರ ಅವಧಿ ಎಲ್ಲೀ ತನಕ ಇದೆಯಪ್ಪಾ?" ಎಂದು ಕೇಳಿದರು.